ಮಳೆಯ ದೇವರು, ನೀರಿನ ಜಾತಿ

1972ರ ಬರದಲ್ಲಿ ನಾನು ಗುರ್ಚಿ ಹೊತ್ತಿದ್ದೆ. ರೊಟ್ಟಿ ಹಂಚನ್ನು ತಲೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಸಗಣಿಯ ಗುರ್ಚಿ ಇಟ್ಟು, ಗರಿಕೆ ಸಿಕ್ಕಿಸಿ, ಮನೆ ಮನೆ ಮುಂದೆ ನಿಲ್ಲುವುದು. ಮನೆಯಾಕೆ ಒಂದು ತಂಬಿಗೆ ನೀರು ಸುರುವಿದರೆ ಗಿರಗಿರ ತಿರುಗಿ ಸುತ್ತ ಸಿಡಿಸುವುದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ಕರೆಯುವ ಕ್ರಮ ಇದು. ಆ ವರ್ಷ ನಮ್ಮೂರಲ್ಲಿ ಎರಡು ಗುರ್ಚಿ ಎದ್ದವು. ಊರೊಳಗಿನದು ಒಂದು, ನಮ್ಮ ಹೊಲಗೇರಿಯದು ಒಂದು. ಊರ ಗುರ್ಚಿ ಕೇರಿಗೆ ಬರಲಿಲ್ಲ. ಬಂದಿದ್ದರೆ ನಮ್ಮ ಕೊಡದ ನೀರು ಅದರ ಮೇಲೆ ಬೀಳಬೇಕಾಗುತ್ತಿತ್ತು. ನಮ್ಮದು ಊರೊಳಕ್ಕೆ ಹೋಗುವ ಮಾತಂತೂ ಇರಲೇ ಇಲ್ಲ. ನನ್ನ ಅಜ್ಜಿಯನ್ನು ನಾವು ಆಯಿ ಅಂತ ಕರೆಯುತ್ತಿದ್ದೆವು. "ಎರಡು ಗುರ್ಚಿಗೆ ಎರಡು ಮಳಿ ಬರತಾವೇನಬೇ ಆಯಿ?" ಅಂತ ಕೇಳಿದೆ. "ಮಳಿ ಒಂದ ಬರತೈತಿ. ಬಾವ್ಯಾಗ ಬಿದ್ದ ಮ್ಯಾಲ ಎರಡ ಆಗತೈತಿ" ಅಂದಳು.

ನಮ್ಮ ಮಳೆ ದೇವರ ಕಥೆಗಳನ್ನು ಓದುವಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ. ಮಳೆಗೆ ದೇವರಿದ್ದಾನೆ, ನದಿಗೆ ದೇವಿಯಿದ್ದಾಳೆ, ಸರಿ. ಆದರೆ ಮಳೆಯನ್ನು ಕೇಳುವವರು ಯಾರು, ಬಂದ ನೀರನ್ನು ಹಿಡಿದಿಟ್ಟುಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಪುರಾಣಗಳ ಮುಂದೆ ಇಟ್ಟು ನೋಡಿದವರು ಕಡಿಮೆ. ಹಾಗೆ ನೋಡುವ ದಾರಿ ತೋರಿಸಿದವರಲ್ಲಿ ಜೋತಿಬಾ ಫುಲೆ ಮೊದಲಿಗರು. 1873ರ 'ಗುಲಾಮಗಿರಿ'ಯಲ್ಲಿ ಅವರು ಅವತಾರಗಳ ಕಥೆಗಳನ್ನು ಭಕ್ತಿಯಿಂದಲ್ಲ, ಗೆದ್ದವರು ಬರೆಸಿಕೊಂಡ ದಾಖಲೆಗಳೆಂದು ಓದಿದರು. ಅವರ ಎಲ್ಲ ವಿವರಣೆಗಳನ್ನೂ ಇಂದಿನ ಚರಿತ್ರೆಕಾರರು ಒಪ್ಪಬೇಕಾಗಿಲ್ಲ. ಆದರೆ ಪುರಾಣವನ್ನು ಹೀಗೆ ಓದಿದ ಮನುಷ್ಯ ಅದಕ್ಕೂ ಮೊದಲೇ, 1868ರಲ್ಲಿ, ಪುಣೆಯ ತನ್ನ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದಿದ್ದ ಎಂಬುದನ್ನು ಮರೆಯಬಾರದು. ನೀರು ಕೊಟ್ಟವನೇ ಕಥೆಯನ್ನೂ ಪ್ರಶ್ನಿಸಿದ.

ಫುಲೆಯವರ ಕಣ್ಣಿನಿಂದ ಇಂದ್ರನ ಕಥೆ ನೋಡೋಣ. ಋಗ್ವೇದದಲ್ಲಿ ಇಂದ್ರನ ದೊಡ್ಡ ಸಾಹಸವೆಂದರೆ ವೃತ್ರನನ್ನು ಕೊಂದು ತಡೆಹಿಡಿದಿದ್ದ ನೀರನ್ನು ಬಿಡಿಸಿದ್ದು. ವೃತ್ರ ಎಂದರೆ ಮುಚ್ಚುವವನು, ತಡೆಯುವವನು. ವೃತ್ರನೆಂದರೆ ಅಣೆಕಟ್ಟು, ಇಂದ್ರನ ಸಾಹಸವೆಂದರೆ ಸಿಂಧೂ ಬಯಲಿನ ರೈತರ ಕಟ್ಟೆಗಳನ್ನು ಒಡೆದದ್ದರ ನೆನಪು ಎಂದು ಡಿ.ಡಿ. ಕೊಸಾಂಬಿ ಊಹಿಸಿದರು. ಅದು ಊಹೆಯೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಕಥೆಯ ಇನ್ನೊಂದು ತುದಿ. ಇಂದ್ರ ವೃತ್ರನಿಗೂ ಮೊದಲು ಅವನ ಅಣ್ಣ ವಿಶ್ವರೂಪನನ್ನು ಕೊಂದಿದ್ದ. ಅದು ಬ್ರಹ್ಮಹತ್ಯೆ. ಆ ಪಾಪವನ್ನು ಇಂದ್ರ ಏನು ಮಾಡಿದ? ಹಂಚಿದ. ತೈತ್ತಿರೀಯ ಸಂಹಿತೆಯಲ್ಲಿ ಪಾಲು ಹೊತ್ತವರು ಮೂವರು: ಭೂಮಿ, ಮರ, ಹೆಂಗಸು. ಭಾಗವತಕ್ಕೆ ಬರುವಾಗ ನೀರೂ ಸೇರಿ ನಾಲ್ವರಾದರು. ಭೂಮಿಯಲ್ಲಿ ಅದು ಚೌಳು, ಮರದಲ್ಲಿ ಅಂಟು, ನೀರಿನಲ್ಲಿ ನೊರೆ, ಹೆಂಗಸಿನಲ್ಲಿ ಮುಟ್ಟು. ಕೊಲೆ ಮಾಡಿದ ದೊರೆ ಮಡಿಯಾದ. ಅವನ ಮೈಲಿಗೆಯನ್ನು ಹೊತ್ತವರು ಬೇರೆ. ಪಾಲು ಹೊತ್ತವರಿಗೆ ಒಂದೊಂದು ವರವನ್ನೂ ಕೊಟ್ಟನಂತೆ. ಮೈಲಿಗೆ ಎಂಬುದು ಹುಟ್ಟಿನಿಂದ ಬಂದ ಗುಣವಲ್ಲ, ಮೇಲಿನವರು ಕೆಳಗೆ ಇಳಿಸಿದ ಭಾರ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕೆ? ಅದನ್ನು ಅವರ ಗ್ರಂಥವೇ ಹೇಳುತ್ತಿದೆ.

ಋಷ್ಯಶೃಂಗನ ಕಥೆಯೂ ಹೀಗೆಯೇ. ಅಂಗದೇಶದ ಲೋಮಪಾದ ರಾಜ ಬ್ರಾಹ್ಮಣರಿಗೆ ತಪ್ಪಿ ನಡೆದ, ಅವರು ಅವನನ್ನು ಬಿಟ್ಟರು, ಮಳೆ ನಿಂತಿತು ಎಂದು ಮಹಾಭಾರತ ಹೇಳುತ್ತದೆ. ಕಾಡಿನೊಳಗಿನ ಋಷಿಯ ಮಗನನ್ನು ಕರೆತಂದರೆ ಮಳೆಯಾಗುತ್ತದೆ. ಕರೆತರುವವರು ಯಾರು? ವೇಶ್ಯೆಯರು. ಶಾಪದ ಭಯವನ್ನು ಎದುರಿಸಿ ಕಾಡಿಗೆ ಹೋದದ್ದು ಅವರು. ಮಳೆ ಬಂದ ಮೇಲೆ ರಾಜನ ಮಗಳು ಶಾಂತೆ ಋಷಿಯ ಹೆಂಡತಿಯಾದಳು, ಋಷಿ ದೇವರಾದ, ವೇಶ್ಯೆಯರು ಕಥೆಯಿಂದ ಮರೆಯಾದರು. ಶೃಂಗೇರಿ ಬಳಿಯ ಕಿಗ್ಗದಲ್ಲಿ ಋಷ್ಯಶೃಂಗನಿಗೆ ಗುಡಿಯಿದೆ, ಮಳೆಗಾಗಿ ಇಂದಿಗೂ ಪೂಜೆ ನಡೆಯುತ್ತದೆ. ಆ ಹೆಂಗಸರಿಗೆ ಅಲ್ಲಿ ಗುಡಿಯಿಲ್ಲ. 2019ರ ಜೂನ್‌ನಲ್ಲಿ ರಾಜ್ಯ ಸರ್ಕಾರವೇ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿತು. ಸರ್ಕಾರ ಮಳೆ ಕೇಳುವಾಗಲೂ ಹೋಮಕುಂಡದ ಮುಂದೆ ಕೂರುವವರು ಯಾರೆಂಬುದು ಹೊಸದಾಗಿ ಹೇಳಬೇಕಾದ್ದಲ್ಲ.

ಇದಕ್ಕೆ ಎದುರಾಗಿ ನಮ್ಮ ಕಡೆಯ ಜೋಕುಮಾರನನ್ನು ಇಟ್ಟು ನೋಡಬೇಕು. ಗಣಪತಿ ಭಾದ್ರಪದದ ಚೌತಿಗೆ ಬರುತ್ತಾನೆ, ಕಡುಬು ಹೋಳಿಗೆ ತಿಂದು ಹೋಗಿ "ಭೂಲೋಕದಲ್ಲಿ ಎಲ್ಲರೂ ಚೆನ್ನಾಗಿದ್ದಾರೆ" ಅಂತ ಶಿವಪಾರ್ವತಿಯರಿಗೆ ವರದಿ ಕೊಡುತ್ತಾನೆ. ಅವನು ಹೋದ ಮೇಲೆ ಹುಟ್ಟುವವನು ಜೋಕುಮಾರ. ಅಂಬಿಗರ, ಬಾರಿಕರ ಹೆಂಗಸರು ಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆ ಮನೆ ತಿರುಗುತ್ತಾರೆ. ಅವನು ಬಡವರ ಅಂಬಲಿ ನುಚ್ಚು ಕಂಡವನು. ಏಳು ದಿನಕ್ಕೆ ಸತ್ತು ಮೇಲೆ ಹೋಗಿ ನಿಜ ಹೇಳುತ್ತಾನೆ: ಮಳೆಯಿಲ್ಲ, ಬೆಳೆಯಿಲ್ಲ, ಜನ ಸಾಯುತ್ತಿದ್ದಾರೆ. ಆಗ ಮಳೆ ಬರುತ್ತದೆ. ಇಂದ್ರನನ್ನು ಒಲಿಸಿಕೊಳ್ಳಬೇಕು, ಜೋಕುಮಾರ ನಮ್ಮ ಪರವಾಗಿ ಫಿರ್ಯಾದು ಹೇಳುವ ದೇವರು. ಉಂಡ ಮನೆಯ ಸುದ್ದಿಯನ್ನೇ ಊರ ಸುದ್ದಿ ಎಂದು ಹೇಳುವವನಿಗೂ ಹಸಿದ ಮನೆಯ ಸುದ್ದಿ ಒಯ್ಯುವವನಿಗೂ ಇರುವ ವ್ಯತ್ಯಾಸವನ್ನು ಓದುಬರಹವಿಲ್ಲದ ಹೆಂಗಸರು ಇಷ್ಟು ನಿಚ್ಚಳವಾಗಿ ಕಂಡಿದ್ದರು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕ ಬಂದದ್ದೂ 1972ರಲ್ಲೇ. ಅವರು ಈ ದೇವರನ್ನು ಉಳುವವನ ಭೂಮಿಯ ಪ್ರಶ್ನೆಗೆ ತಂದು ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಹಾಗಂತ ಜಾನಪದವೆಲ್ಲ ನಮ್ಮದು, ಶಿಷ್ಟವೆಲ್ಲ ಅವರದು ಅಂತ ಗೆರೆ ಎಳೆದು ಕೂರಲು ನಾನು ತಯಾರಿಲ್ಲ. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಅಧ್ಯಯನದಿಂದ, ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್'ನಿಂದ, ದಲಿತ ಚಳವಳಿ ತನ್ನ ದೇವರುಗಳ ನೆನಪನ್ನು ಕಳೆದುಕೊಳ್ಳಬಾರದೆಂಬ ಎಚ್ಚರ ಕೊಟ್ಟರು. ಆ ಎಚ್ಚರ ಬೇಕು. ಆದರೆ ಜೋಕುಮಾರನ ಹಬ್ಬದೊಳಗೂ ಜಾತಿಯ ಲೆಕ್ಕ ಪಕ್ಕಾ ಇದೆ. ಹೊರುವವರು ಒಬ್ಬರು, ಅವನ ಸಾವನ್ನು ಹೊತ್ತುಕೊಳ್ಳುವವರು ಇನ್ನೊಬ್ಬರು: ಅವನು ಸಾಯುವುದು ಅಗಸರ ಕೇರಿಯಲ್ಲಿ, ಅಗಸರ ಹುಡುಗಿಯ ಮೇಲೆ ಕಣ್ಣು ಹಾಕಿ. ಫಿರ್ಯಾದು ಹೇಳುವ ದೇವರೂ ಬಡಹೆಣ್ಣನ್ನು ಬಿಡಲಿಲ್ಲ, ಅವನ ಕೊಲೆಯ ಅಪವಾದವೂ ಬಡವರ ತಲೆಗೇ ಬಂತು. ಇಂದ್ರನ ಪಾಪ ಹಂಚಿದ ಕೈಯೇ ಇಲ್ಲೂ ಕೆಲಸ ಮಾಡಿದೆ ಅಂತ ಅನುಮಾನ ಬರುವುದಿಲ್ಲವೆ?

ಕಥೆಯಿಂದ ಕೆರೆಗೆ ಬಂದರೆ ಲೆಕ್ಕ ಇನ್ನೂ ಸ್ಪಷ್ಟ. ಕೋಲಾರದ ಕಡೆ ಕೆರೆಯ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಗಳು ಬಹುಪಾಲು ದಲಿತರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದು ಅವರ ತಲೆಯಲ್ಲಿತ್ತು. ಆ ಕೈ ತೂಬು ಮುಟ್ಟಬಹುದು, ಕುಡಿಯುವ ನೀರಿನ ಬಾವಿ ಮುಟ್ಟುವಂತಿಲ್ಲ. ಬೆಳೆಯುವ ನೀರಿಗೆ ಇಲ್ಲದ ಮೈಲಿಗೆ ಕುಡಿಯುವ ನೀರಿಗೆ ಬರುತ್ತದೆ ಎಂದರೆ ಅದು ನೀರಿನ ಗುಣವಲ್ಲ, ಲಾಭದ ಲೆಕ್ಕ.

ಈ ಲೆಕ್ಕವನ್ನು ಕೇಳಿದವರು ಬಾಬಾಸಾಹೇಬರು. ಸಾರ್ವಜನಿಕ ನೀರಿನ ತಾಣಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಮುಂಬೈ ಶಾಸನ ಪರಿಷತ್ತು 1923ರಲ್ಲೇ ಬೋಳೆಯವರ ನಿರ್ಣಯವನ್ನು ಒಪ್ಪಿತ್ತು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆ ತೆರೆದಿದೆ ಎಂದಿತು. ಕಾಗದದಲ್ಲಿ ತೆರೆದ ಕೆರೆಗೆ ಯಾರೂ ಇಳಿಯುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಮೇಲುಜಾತಿಯವರು ಸಗಣಿ, ಗಂಜಲ, ಹಾಲು, ಮೊಸರಿನ 108 ಕೊಡ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟಿತು. ಕೋರ್ಟಿನ ಕೊನೆಯ ತೀರ್ಪು ನಮ್ಮ ಪರವಾಗಿ ಬಂದದ್ದು 1937ರ ಮಾರ್ಚ್‌ನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ನನ್ನ ಮಟ್ಟಿಗೆ ಮಹಾಡ್ ನಮ್ಮ ಮಳೆ ಪುರಾಣದ ಕೊನೆಯ ಅಧ್ಯಾಯ. ಅಲ್ಲಿಯವರೆಗೆ ನೀರಿಗಾಗಿ ದೇವರನ್ನು ಕೇಳುತ್ತಿದ್ದವರು ಅಂದು ಯಾರನ್ನೂ ಕೇಳಲಿಲ್ಲ.

ಆದರೆ 108 ಕೊಡದ ಕಥೆ ಮುಗಿದಿಲ್ಲ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದ ದಲಿತ ಹೆಂಗಸೊಬ್ಬಳು ಬೀದಿಯ ತೊಂಬೆಯಿಂದ ನೀರು ಕುಡಿದಳು. ತೊಂಬೆಯನ್ನು ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಸುದ್ದಿಯಾದ ಮೇಲೆ ಅಧಿಕಾರಿಗಳು ಬಂದು ದಲಿತರಿಗೆ ಊರ ತೊಂಬೆಗಳ ನೀರು ಕುಡಿಸಿದರು, ಕೇಸೂ ಆಯಿತು. ಮಹಾಡದಿಂದ ಹೆಗ್ಗೋಠಾರಕ್ಕೆ 95 ವರ್ಷ. ಕೆರೆ ಹೋಗಿ ಪ್ಲಾಸ್ಟಿಕ್ ತೊಂಬೆ ಬಂದಿದೆ, ಗಂಜಲ ಬದಲಾಗಿಲ್ಲ.

ನಮ್ಮ ಕೇರಿಯಲ್ಲಿ ಹೆತ್ತ ಹೆಂಗಸು ಗಂಗೆ ಪೂಜೆ ಮಾಡಬೇಕಾದರೆ ಬಾವಿಯಿರಲಿಲ್ಲ. ಹಳ್ಳದ ಉಸುಕಿನಲ್ಲಿ ವರ್ತಿ ತೋಡಿ, ಪಕ್ಕಕ್ಕೆ ಐದು ಕಲ್ಲಿಟ್ಟು, ಅರಿಷಿಣ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ನನ್ನ ಅವ್ವ ನನ್ನನ್ನು ಹೆತ್ತಾಗಲೂ ಹಾಗೇ ಮಾಡಿದ್ದಳಂತೆ. ಆ ಗಂಗೆ ಶಿವನ ಜಡೆಯಿಂದ ಇಳಿದವಳಲ್ಲ. ಕೈಯಿಂದ ಉಸುಕು ಬಗೆದು, ತೆಂಗಿನ ಕರಟದಲ್ಲಿ ಮೊಗೆದು, ಕೊಡ ತುಂಬುವ ತನಕ ಕಾದ ಹೆಂಗಸರು ಮೇಲಕ್ಕೆ ಕರೆದವಳು. ನಮ್ಮ ವಿಮರ್ಶೆ ಮಳೆ ದೇವರ ಬಗ್ಗೆ ಬರೆಯುವುದಾದರೆ ಈ ವರ್ತಿಯ ಪಕ್ಕ ಕೂತು ಬರೆಯಲಿ. ಆ ಐದು ಕಲ್ಲನ್ನು ಗುಡಿಯೊಳಗೆ ಒಯ್ಯುವುದು ನನಗೆ ಬೇಕಿಲ್ಲ. ಊರ ಬಾವಿ ಇದ್ದೂ ಅವ್ವ ಹಳ್ಳಕ್ಕೆ ಯಾಕೆ ಹೋಗಬೇಕಾಯಿತು ಎಂಬುದಕ್ಕೆ ಉತ್ತರ ಬೇಕು.