ಗಾಜಿಲ್ಲದ ವಸತಿಗೃಹ

ಸೆಕೆಯ ನಾಡಿನಲ್ಲಿ ಒಂಟಿಯಾಗಿ ಕುಳಿತು ಓದುವವನಿಗಾಗಲಿ ಧ್ಯಾನಿಸುವವನಿಗಾಗಲಿ ಎಂಥ ಕೊಠಡಿ ತಕ್ಕುದೆಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿನಿಲಯಗಳ ನಿರ್ಮಾಪಕರು ಬಹುಮಟ್ಟಿಗೆ ಕೇಳಿಕೊಳ್ಳದೆಯೇ ಕೆಲಸಕ್ಕೆ ತೊಡಗುತ್ತಾರಾದರೂ, ಪಾಂಡಿಚೇರಿಯ ಶ್ರೀ ಅರವಿಂದಾಶ್ರಮದವರು 1930ರ ದಶಕದಲ್ಲಿಯೇ ಅದನ್ನು ಕೂಲಂಕಷವಾಗಿ ವಿಚಾರಿಸಿದ್ದರು. ಅದರ ಫಲವೇ ಗೋಲ್ಕೊಂಡವೆಂಬ ಸಾಧಕರ ವಸತಿಗೃಹ. ಹೈದರಾಬಾದಿನ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ಅದಕ್ಕೆ ಧನಸಹಾಯ ಒದಗಿದುದರಿಂದ, ವಜ್ರಗಳಿಗೆ ಹೆಸರಾದ ಆ ಸೀಮೆಯ ದುರ್ಗದ ಹೆಸರೇ ಕಟ್ಟಡಕ್ಕೂ ಬಂದಿತು.

ಬೊಹೀಮಿಯಾದಲ್ಲಿ ಹುಟ್ಟಿ, ಅಮೆರಿಕದ ಪ್ರಜೆಯಾಗಿ, ಟೋಕಿಯೋದಲ್ಲಿ ನೆಲಸಿದ್ದ ಆಂಟೊನಿನ್ ರೇಮಂಡರು ನಕ್ಷೆಯನ್ನು ರಚಿಸಿದರು. ಸ್ಥಳದಲ್ಲಿ ನಿಂತು ಕೆಲಸ ನಡೆಸಲು ಬಂದ ಅವರ ಸಹಾಯಕ ಜಾರ್ಜ್ ನಕಾಶಿಮಾ, ಕಟ್ಟುತ್ತ ಕಟ್ಟುತ್ತ ತಾನೇ ಆಶ್ರಮದ ಶಿಷ್ಯನಾಗಿ ಸುಂದರಾನಂದನೆನಿಸಿಕೊಂಡನು.

ಬೇಸಗೆಯಲ್ಲಿ ಧಗೆ, ವರ್ಷವಿಡೀ ಕಡಲ ತೇವ, ಕಾರ್ತೀಕದ ಸುಮಾರಿಗೆ ಈಶಾನ್ಯದಿಂದ ಎರಗುವ ಬಿರುಮಳೆ: ಕಿಟಕಿ ತೆರೆದರೆ ನೀರು, ಮುಚ್ಚಿದರೆ ಬೆವರು, ಇದು ಆ ಊರಿನ ಸ್ಥಿತಿ. ರೇಮಂಡರು ಕಿಟಕಿಯನ್ನೇ ಕೈಬಿಟ್ಟರು. ದಕ್ಷಿಣೋತ್ತರಗಳಿಗೆ ಮುಖಮಾಡಿದ ಆ ಕಟ್ಟಡದ ಎರಡು ಉದ್ದನೆಯ ಪಾರ್ಶ್ವಗಳಲ್ಲಿಯೂ ಗಾಜೆಂಬುದಿಲ್ಲ. ಅದರ ಬದಲಿಗೆ ಅಡ್ಡಡ್ಡಲಾಗಿ ಜೋಡಿಸಿದ ಅಗಲವಾದ ಹಲಗೆಗಳ ಸಾಲುಗಳಿದ್ದು, ನಿವಾಸಿಯು ಹಿಡಿಯನ್ನು ತಿರುಗಿಸಿದೊಡನೆ ಅವು ತನಗೆ ಬೇಕಾದಷ್ಟು ಓರೆಯಾಗಿ ನಿಂತು, ಬಿಸಿಲನ್ನೂ ಇರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಬಿಡುವಂತೆ ಏರ್ಪಾಟಾಗಿದೆ. ಕೊಠಡಿಗಳೆಲ್ಲ ದಕ್ಷಿಣಕ್ಕೆ, ಪಡಸಾಲೆ ಉತ್ತರಕ್ಕೆ. ನಡುವಣ ಬಾಗಿಲುಗಳು ತೇಗದ ಪಟ್ಟಿಗಳನ್ನು ಹೊಂದಿಸಿ ಮಾಡಿದ, ಪಕ್ಕಕ್ಕೆ ಸರಿಯುವ ಬಾಗಿಲುಗಳಾದುದರಿಂದ, ಅವನ್ನು ಮುಚ್ಚಿಕೊಂಡು ಏಕಾಂತದಲ್ಲಿ ಕುಳಿತವನಿಗೂ ವಾಯುಸಂಚಾರಕ್ಕೆ ಕೊರತೆಯಿಲ್ಲ. ತಾರಸಿಯ ಮೇಲೆ ಕಾಂಕ್ರೀಟಿನ ಬಾಗಿದ ಹೆಂಚುಗಳ ಇನ್ನೊಂದು ಹೊದಿಕೆಯುಂಟು. ಎರಡರ ನಡುವೆ ಗಾಳಿಯಾಡುವುದರಿಂದ ಮೇಲಂತಸ್ತಿನವನ ನೆತ್ತಿ ಕಾಯುವುದಿಲ್ಲ. ನಮ್ಮ ಹಾಸ್ಟೆಲುಗಳ ಕಡೆಯ ಅಂತಸ್ತಿನಲ್ಲಿ ಏಪ್ರಿಲ್ ತಿಂಗಳ ಪರೀಕ್ಷೆಗೆ ಓದಿದವರು ಇದರ ಬೆಲೆಯನ್ನು ಬಲ್ಲರು.

ಆ ಹಲಗೆಗಳು ಕಲ್ನಾರು ಬೆರೆಸಿದ ಸಿಮೆಂಟಿನವು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬ ಅರಿವು ಲೋಕದಲ್ಲಿ ಹರಡಿದುದು ಬಹುಕಾಲದ ಮೇಲಾದುದರಿಂದ, ಇಂದು ಆ ಉಪಾಯವನ್ನು ಅನುಸರಿಸುವವರು ಪದಾರ್ಥವನ್ನು ಬದಲಿಸಲೇಬೇಕು.

ಭಕ್ತರಿತ್ತ ಹಿತ್ತಾಳೆಯ ಪಾತ್ರೆಗಳನ್ನು ಕರಗಿಸಿ ಹಿಡಿ, ತಿರುಗಣಿಗಳನ್ನು ಎರಕಹೊಯ್ದರಂತೆ. ನಕಾಶಿಮಾ 1939ರಲ್ಲಿ ಹೊರಟುಹೋದನು; ಮಹಾಯುದ್ಧ ಅಡ್ಡಬಂದಿತು; ಗಾರೆಯ ಕೆಲಸವನ್ನು ಹಿಂದೆಂದೂ ಮಾಡಿ ಅರಿಯದ ಸಾಧಕರೂ ಕೂಲಿಗಳೊಡನೆ ಸೇರಿ ದುಡಿದು, 1945ರ ಹೊತ್ತಿಗೆ ಅದನ್ನು ಮುಗಿಸಿದರು. ವೇತನವಿಲ್ಲದ ಕೈಗಳೂ ಕೆಲಸಕ್ಕೆ ಅವಸರವಿಲ್ಲದ ಯಜಮಾನರೂ ಇದ್ದುದರಿಂದ ಸಾಧ್ಯವಾದ ಈ ನಯವನ್ನು ಗುತ್ತಿಗೆದಾರನಿಂದ ನಿರೀಕ್ಷಿಸುವುದು ಅನ್ಯಾಯವೇ ಸರಿ. ಆದರೆ ಪಡಸಾಲೆಯ ಎರಡು ಬದಿಗೂ ಕೊಠಡಿಗಳನ್ನು ತುರುಕಿ, ಗಾಳಿಗೆ ಹೊರಹೋಗುವ ದಾರಿಯನ್ನೇ ಮುಚ್ಚಿ, ಆಮೇಲೆ ಹಗಲಿರುಳು ಫ್ಯಾನು ತಿರುಗಿಸುವ ಪದ್ಧತಿಗೆ ಬಡತನವನ್ನು ನೆವಮಾಡಲಾಗದು. ಸೂರ್ಯನ ಹಾದಿಯನ್ನು ನೋಡಿ ಪಾಯದ ಗೆರೆ ಎಳೆಯುವುದಕ್ಕೆ ನಿಜಾಮರ ಬೊಕ್ಕಸವೇನೂ ಬೇಕಿರಲಿಲ್ಲ.