ನಮ್ಮ ಕರಡಿ ಸೋಮಾರಿಯಾದ ಕಥೆ

ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ಹೋದವರಿಗೆ ಆ ಬಂಡೆಗುಡ್ಡಗಳು, ಕುರುಚಲು ಕಾಡು ನೆನಪಿರುತ್ತದೆ. ಅದು ಕರಡಿಗಳ ಊರು. 2013ರಲ್ಲಿ ಸರ್ಕಾರ ಅಲ್ಲಿ ಕರಡಿಧಾಮವನ್ನೂ ಘೋಷಿಸಿತು. ಈ ಕರಡಿಗೆ ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಅಂತಾರೆ. ಸ್ಲಾತ್ ಅಂದ್ರೆ ಸೋಮಾರಿತನ. ರಾತ್ರಿಯೆಲ್ಲಾ ಹುತ್ತ ಬಗೆಯುತ್ತಾ ತಿರುಗುವ ಪ್ರಾಣಿಗೆ ಈ ಹೆಸರು ಹೇಗೆ ಬಂತು? ಇದರ ಹಿಂದೆ ಒಂದು ಮಜವಾದ ಎಡವಟ್ಟಿದೆ.

ಸ್ವೀಡನ್ನಿನ ಲಿನೇಯಸ್ ಜೀವಿಗಳಿಗೆಲ್ಲಾ ಎರಡು ಪದಗಳ ಹೆಸರಿಡುವ ಪದ್ಧತಿ ತಂದಿದ್ದು ನಿಮಗೆ ಗೊತ್ತೇ ಇದೆ. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಪ್ರಾಣಿಗಳ ಹೆಸರಿಗೆ ಅವನ 1758ರ ಪುಸ್ತಕವೇ ಆರಂಭ. ಅದರಲ್ಲಿ ಅಮೆರಿಕಾ ಖಂಡದ ಸ್ಲಾತ್ ಎಂಬ, ಮರಕ್ಕೆ ಜೋತುಬಿದ್ದು ನಿಧಾನವಾಗಿ ಚಲಿಸುವ ಪ್ರಾಣಿಯ ಕುಲಕ್ಕೆ ಬ್ರಾಡಿಪಸ್ ಎಂದು ಹೆಸರಿಟ್ಟಿದ್ದ.

1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ನಮ್ಮ ಕರಡಿಯನ್ನು ವರ್ಣಿಸಿದ. ಉದ್ದನೆಯ ಬಾಗಿದ ಉಗುರು, ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳೇ ಇಲ್ಲ! ಇದು ಸ್ಲಾತ್ ಇರಬೇಕು ಅಂದುಕೊಂಡು ಬ್ರಾಡಿಪಸ್ ಉರ್ಸೈನಸ್, ಅಂದರೆ 'ಕರಡಿಯಂಥ ಸ್ಲಾತ್' ಎಂದು ಕರೆದ. ಜಾಂಬವಂತನ ಕಥೆ ಕೇಳಿ ಬೆಳೆದ ನಮ್ಮ ಹಳ್ಳಿಯ ಯಾವ ಹುಡುಗನನ್ನು ಕೇಳಿದ್ದರೂ ಇದು ಕರಡಿ ಅಂತ ಹೇಳುತ್ತಿದ್ದ. ಆದರೆ ಕೇಳುವವರ್ಯಾರು?

ಅಸಲಿಗೆ ಆ ಹಲ್ಲಿಲ್ಲದ ಜಾಗವೇ ಇದರ ಜಾಣತನ. ಹುತ್ತ ಒಡೆದು, ಮಣ್ಣು ಊದಿ, ಆ ಸಂದಿಯ ಮೂಲಕ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಉಗುರಿರುವುದೂ ಅಗೆಯುವುದಕ್ಕೇ.

ಎರಡೇ ವರ್ಷದಲ್ಲಿ, 1793ರಲ್ಲಿ, ಜರ್ಮನಿಯ ಮೇಯರ್ ಇದಕ್ಕೆ ಮೆಲುರ್ಸಸ್ ಅಂದರೆ 'ಜೇನುಕರಡಿ' ಎಂಬ ಹೊಸ ಕುಲ ಮಾಡಿದ. ಕುಲವೇನೋ ಬದಲಾಯಿತು. ಆದರೆ ಮೊದಲು ಇಟ್ಟ ಪ್ರಭೇದದ ಹೆಸರು ಉಳಿಯಬೇಕು ಎಂಬುದು ನಿಯಮ. ಹಾಗಾಗಿ ಇವತ್ತಿಗೂ ಇದು ಮೆಲುರ್ಸಸ್ ಉರ್ಸೈನಸ್, 'ಕರಡಿಯಂಥ ಜೇನುಕರಡಿ'! ಶಾನ ಹೆಸರನ್ನು ಆವರಣದೊಳಗೆ ಬರೆಯುತ್ತಾರೆ. ಅವನು ಇಟ್ಟ ಕುಲ ಈಗಿಲ್ಲ ಅನ್ನುವುದಕ್ಕೆ ಅದೇ ಗುರುತು. ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡಿತು, ಮುಚ್ಚಿಡಲಿಲ್ಲ. ಅದು ನನಗಿಷ್ಟ.

ತಿದ್ದದೇ ಉಳಿದಿದ್ದು ಇಂಗ್ಲಿಷಿನ ಹೆಸರು. ಅದನ್ನೇ ನಾವು 'ಸೋಮಾರಿ ಕರಡಿ' ಅಂತ ಕನ್ನಡಕ್ಕೆ ತಂದರೆ ಆ ಹಳೇ ತಪ್ಪನ್ನು ನಮ್ಮ ಮಕ್ಕಳಿಗೂ ದಾಟಿಸಿದಂತೆ. ಇದು ಬರೀ ಪದದ ಜಗಳವಲ್ಲ. ಹೊಲದ ಬದುವಿನಲ್ಲಿ ಎದುರಾದಾಗ ಈ ಪ್ರಾಣಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಗಾಬರಿಯಾದರೆ ಮೈಮೇಲೆ ಬೀಳುತ್ತದೆ. ಸೋಮಾರಿ ಅಂತ ನಂಬಿ ಹತ್ತಿರ ಹೋದವನ ಗತಿ?

ಕನ್ನಡದಲ್ಲಿ ಅದಕ್ಕೆ ಮೊದಲಿನಿಂದಲೂ ಸರಿಯಾದ ಹೆಸರಿದೆ. ಕರಡಿ. ಅಷ್ಟು ಸಾಕಲ್ವಾ? ನೀವೇನಂತೀರಿ?