ಶಿವಗಂಗೋತ್ರಿಗೂ ಮುನ್ನ: ದಾವಣಗೆರೆ, ಹರಿಹರದ ವಿದ್ಯಾಚರಿತ್ರೆ

ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 2009ರಲ್ಲಾದರೂ, ಈ ಸೀಮೆಯನ್ನು ಕುರಿತ ವ್ಯವಸ್ಥಿತ ಸಂಶೋಧನೆ ಅದಕ್ಕೆ ಒಂದು ಶತಮಾನ ಮೊದಲೇ ಹರಿಹರದ ಕಲ್ಲುಗಳಿಂದ ಆರಂಭವಾಗಿತ್ತು. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದನು. ಸೋಮನಾಥಪುರವನ್ನು ಸ್ಥಾಪಿಸಿದ ಸೋಮ ದಂಡನಾಯಕನೂ 1268ರಲ್ಲಿ ಇಲ್ಲಿ ನಿರ್ಮಾಣಕಾರ್ಯ ನಡೆಸಿದನು. ಹರಿಹರವು ಅಗ್ರಹಾರವೂ ಆಗಿತ್ತು, ಅಂದರೆ ಅಧ್ಯಯನ ಮತ್ತು ಅಧ್ಯಾಪನ ನಡೆಸುವ ವಿದ್ವಾಂಸರಿಗೆ ಭೂಮಿಯನ್ನೂ ಅದರ ಹುಟ್ಟುವಳಿಯನ್ನೂ ಬಿಟ್ಟುಕೊಟ್ಟ ಊರಾಗಿತ್ತು.

ಈ ದತ್ತಿಗಳ ವಿವರವಿರುವ ಶಾಸನಗಳನ್ನು ಬಿ. ಎಲ್. ರೈಸ್ ತಮ್ಮ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹನ್ನೊಂದನೆಯ ಸಂಪುಟದಲ್ಲಿ, ಅಂದರೆ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿ 1903ರಲ್ಲಿ ಹೊರಬಂದ ಸಂಪುಟದಲ್ಲಿ, ಪ್ರಕಟಿಸಿದರು. ಒಂದೊಂದು ಶಾಸನಕ್ಕೂ ಕನ್ನಡ ಲಿಪಿಯ ಪಾಠ, ಅದೇ ಪಾಠದ ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಹೀಗೆ ಮೂರು ರೂಪಗಳನ್ನು ಕೊಟ್ಟು, ತಾಲ್ಲೂಕಿನ ಹೆಸರಿನೊಡನೆ ಕ್ರಮಸಂಖ್ಯೆ ನೀಡುವುದು ಅವರ ಪದ್ಧತಿ. ಹರಿಹರವು ಆಗ ದಾವಣಗೆರೆ ತಾಲ್ಲೂಕಿಗೆ ಸೇರಿದ್ದುದರಿಂದ ಅಲ್ಲಿನ ಶಾಸನಗಳು ವಿದ್ವತ್ ಲೋಕದಲ್ಲಿ ಇಂದಿಗೂ ದಾವಣಗೆರೆಯ ಸಂಖ್ಯೆಗಳಿಂದಲೇ ಪರಿಚಿತವಾಗಿವೆ. ಹೊಸದಾಗಿ ಓದಲು ಬಂದ ವಿದ್ಯಾರ್ಥಿ ಹರಿಹರ ಎಂಬ ತಲೆಬರಹವನ್ನು ಹುಡುಕಿ ಕಂಗೆಡುವುದೂ ಇದರಿಂದಲೇ.

ಕಾಲೇಜುಗಳ ಕಥೆಯಾದರೋ ಪೇಟೆಗೆ ಸೇರಿದ್ದು. ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದ ಬೆಳೆದ ದಾವಣಗೆರೆಯಲ್ಲಿ ಗಳಿಕೆಯ ಒಂದು ಪಾಲು ವಿದ್ಯಾದಾನಕ್ಕೆ ಹರಿಯಿತೆಂಬುದಕ್ಕೆ ಅಲ್ಲಿನ ಕಾಲೇಜುಗಳು ಹೊತ್ತಿರುವ ದಾನಿಗಳ ಹೆಸರುಗಳೇ ಸಾಕ್ಷಿ. ರಾಜನಹಳ್ಳಿ ಮನೆತನದ ಹೆಸರು ವಿಜ್ಞಾನ ಕಾಲೇಜಿಗೆ ಬಂದರೆ, 1951ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರನ್ನು ಪಡೆದು, ಜನರ ಬಾಯಲ್ಲಿ ಬಿಡಿಟಿ ಆಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಹುಟ್ಟಿದವು. ಜಿಲ್ಲಾ ಕೇಂದ್ರವೂ ಆಗಿರದ ಊರೊಂದು (ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ) ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಶಿಕ್ಷಣ ಎರಡನ್ನೂ ಇಷ್ಟು ಬೇಗ ದಕ್ಕಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಸ್ನಾತಕೋತ್ತರ ಶಿಕ್ಷಣ, ಎಂದರೆ ಪದವಿಯ ನಂತರದ ಓದು, ನೆಲೆಯೂರಿದ್ದು 1979ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಇಲ್ಲಿ ತನ್ನ ಕೇಂದ್ರವೊಂದನ್ನು ತೆರೆದಾಗ. ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಕೇಂದ್ರವು ಅದರ ಆಡಳಿತಕ್ಕೆ ಒಳಪಟ್ಟಿತು. ಕೊನೆಗೆ 2009ರಲ್ಲಿ ಅದೇ ಕೇಂದ್ರ, ನಗರದ ಹೊರವಲಯದ ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ವ್ಯಾಪ್ತಿಯಾಗುಳ್ಳ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಬಿಡಿಟಿ ಮಾತ್ರ ಆನಂತರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಗಿ, ಅಂದರೆ ಆ ವಿಶ್ವವಿದ್ಯಾನಿಲಯವೇ ನೇರವಾಗಿ ನಡೆಸುವ ಕಾಲೇಜಾಗಿ, ಬೇರೆಡೆಗೆ ಸೇರಿತು.

2009 ಇನ್ನೊಂದು ಕಾರಣಕ್ಕೂ ಗಮನಾರ್ಹ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ವಿಶ್ವವಿದ್ಯಾನಿಲಯಗಳು ಸಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ನಿಯಮ ಮಾಡಿದ್ದು ಅದೇ ವರ್ಷ. ಅವುಗಳನ್ನು ಎಲ್ಲರ ಓದಿಗೆ ತೆರೆದಿಡಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಶೋಧಗಂಗಾ ಎಂಬ ಭಂಡಾರವನ್ನು ನಡೆಸುತ್ತಿದೆ. ಹೀಗೆ ಸಿದ್ಧಪ್ರಬಂಧಗಳು ಉಳಿಯುವ ದಾರಿಯಾಗಿದೆ. ಪ್ರಬಂಧಕ್ಕೆ ಆಧಾರವಾಗುವ ಕಚ್ಚಾ ಆಕರಗಳ ಮಾತು ಬೇರೆ. ಹರಿಹರದ ದಾನಿಗಳ ಲೆಕ್ಕ ಕಲ್ಲಿನ ಮೇಲಿದ್ದುದರಿಂದ ಎಂಟು ಶತಮಾನ ಬಾಳಿತು, ದಾವಣಗೆರೆಯ ದಾನಿಗಳದ್ದು ಕಾಗದದ ಮೇಲಿದೆ. ಮಂಡಿಗಳ ಖಾತೆ ಪುಸ್ತಕಗಳನ್ನೂ ಗಿರಣಿಗಳ ದಾಖಲೆಗಳನ್ನೂ ವಿದ್ಯಾಸಂಸ್ಥೆಗಳ ಹಳೆಯ ನಡಾವಳಿಗಳನ್ನೂ ಮನೆಯ ಅಟ್ಟದಲ್ಲಿಟ್ಟುಕೊಂಡಿರುವ ಕುಟುಂಬಗಳು, ಅವು ಗೆದ್ದಲಿನ ಪಾಲಾಗುವ ಮೊದಲು, ಶಿವಗಂಗೋತ್ರಿಯ ಗ್ರಂಥಾಲಯಕ್ಕೆ ಒಪ್ಪಿಸುವುದು ಒಳಿತು.